ಯಾರ ತಾಟಿನ ರೊಟ್ಟಿ?

(ಕಲಬುರಗಿಯ ಒಂದು ಓದುಗರ ಕೂಟದಲ್ಲಿ ಆಡಿದ ಮಾತು. ಮೊಬೈಲಿನಲ್ಲಿ ಹಿಡಿದಿಟ್ಟಿದ್ದನ್ನು ಕೇಳಿಸಿಕೊಂಡು ಬರೆದಿದ್ದೇನೆ. ನಡುವೆ ಕರೆಂಟ್ ಹೋದಾಗಿನ ಹತ್ತು ನಿಮಿಷದ ಹರಟೆ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಬಿಸಿಲಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕಾರ್ಯಕ್ರಮ ಇಟ್ಟವರ ಧೈರ್ಯ ದೊಡ್ಡದು. ಬಂದ ನಿಮ್ಮ ಧೈರ್ಯ ಅದಕ್ಕಿಂತ ದೊಡ್ಡದು. ಇಂಥ ಹೊತ್ತಲ್ಲಿ ನಾನು ಹಿಮ ಬೀಳುವ ಊರಿನ ಕಥೆ ಹೇಳಲು ಬಂದಿದ್ದೇನೆ. ಸ್ವಲ್ಪ ತಂಪಾದರೂ ಆಗಲಿ.

ನನಗೆ ಕೊಟ್ಟ ವಿಷಯ 'ಕಾದಂಬರಿಗಳಲ್ಲಿ ಕರುಣಾಮಯಿ ತಾಯಿ'. ಕೇಳಿದ ಕೂಡಲೇ ಸ್ವಲ್ಪ ಮುಜುಗರ ಆಯಿತು. ಈ ತಾಯಿ ನಮಗೆ ಜಾಸ್ತಿಯೇ ಪರಿಚಯ ಅಲ್ವಾ? ಧಾರಾವಾಹಿಯಲ್ಲಿ ದಿನಾ ಸಂಜೆ ಬರುತ್ತಾಳೆ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ, ಕಪಾಟು ತೆಗೆದು ಬಂಗಾರದ ಬಳೆ ಕೊಡುತ್ತಾಳೆ, ತಗೊಂಡವರು ಕಾಲಿಗೆ ಬೀಳುತ್ತಾರೆ. ಮರುದಿನ ನೋಡಿದರೆ ಅವಳ ಕೈಯಲ್ಲಿ ಮತ್ತೆ ಬಳೆ ಇರುತ್ತೆ. ಈ ತಾಯಿಯನ್ನು ನಾನು ನಂಬುವುದಿಲ್ಲ. ಕಾದಂಬರಿಯಲ್ಲಿ ತಾಯಿ ಯಾರಿಗಾದರೂ ಏನಾದರೂ ಕೊಡುವ ಜಾಗ ಬಂದರೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಯಾರ ತಾಟಿನಿಂದ ಹೋಯಿತು?

ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಎಪ್ಪತ್ತೆರಡರ ಬರದಿಂದ ಬಂದದ್ದು.

ನಮ್ಮದು ಯಾದಗಿರಿ ಕಡೆಯ ಹಳ್ಳಿ. ಆಗ ಅದೂ ಗುಲ್ಬರ್ಗ ಜಿಲ್ಲೆಯೇ. ನನಗೆ ಎಂಟು ವರ್ಷ. ಬಿಳಿ ಜೋಳ ಕಣ್ಣಿಗೆ ಬೀಳುತ್ತಿರಲಿಲ್ಲ. ಸರ್ಕಾರದ ಅಂಗಡಿಯ ಕೆಂಪು ಜೋಳವೇ ಗತಿ. ಅದರ ಹಿಟ್ಟು ಜಿಗಿ ಹಿಡಿಯದು. ಅವ್ವ ಕುದಿಯುವ ನೀರು ಹಾಕಿ ನಾದಿ ನಾದಿ ಸಾಕಾಗುತ್ತಿದ್ದಳು, ಆದರೂ ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತಿತ್ತು. ಮನೆಯಲ್ಲಿ ಒಬ್ಬರಿಗೆ ಎರಡು ರೊಟ್ಟಿ ಲೆಕ್ಕ. ಹಿತ್ತಲ ಗೋಡೆಯಾಚೆ ಒಂದು ಮನೆ ಇತ್ತು. ಗಂಡ ಗುಳೆ ಹೋದವನು, ಸುದ್ದಿಯೇ ಇಲ್ಲ. ಮೂರು ಮಕ್ಕಳು. ಒಂದು ದಿನ ಅವ್ವ ನನ್ನ ತಾಟಿನಿಂದ ಒಂದು ರೊಟ್ಟಿ ತೆಗೆದಳು. ಅಕ್ಕನ ತಾಟಿನಿಂದ ಒಂದು. ತನ್ನವು ಎರಡೂ. ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ. 'ಹಿತ್ತಲಾಗಿಂದ ಹೋಗು, ಓಣ್ಯಾಗ ಹಾಯಬ್ಯಾಡ' ಅಂದಳು.

ನಾನು ಅಳುತ್ತಾ ಕೊಟ್ಟು ಬಂದೆ. ಬಂದವಳೇ, 'ನಿನಗ ಕೊಡೂದಿದ್ರ ನಿಂದು ಕೊಡು, ನಂದ್ಯಾಕ ಕೊಡ್ತಿ?' ಅಂದೆ. ಅವ್ವ ಏನೂ ಹೇಳಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಯಿತು.

ಇನ್ನೊಂದು ನೆನಪಿದೆ. ತಾಟು ಯಾವತ್ತೂ ಖಾಲಿ ವಾಪಸ್ ಬರುತ್ತಿರಲಿಲ್ಲ. ಕೊಟ್ಟ ಮನೆಗೆ ಬರಿ ತಾಟು ಕಳಿಸಬಾರದು ಅನ್ನೋದು ನಮ್ಮ ಕಡೆಯ ರೂಢಿ, ನಿಮಗೆಲ್ಲ ಗೊತ್ತಿದ್ದದ್ದೇ. ಒಮ್ಮೆ ಒಂದು ಹಿಡಿ ಪುಂಡಿಪಲ್ಯ. ಒಮ್ಮೆ ಎರಡು ಹಸಿಮೆಣಸಿನಕಾಯಿ. ಒಂದು ಸಲ ಆ ಮನೆಯಲ್ಲಿ ಏನೂ ಇರಲಿಲ್ಲ ಅಂತ ಕಾಣುತ್ತೆ. ತೊಳೆದ ತಾಟಿನಲ್ಲಿ ಒಂದು ಬೇವಿನ ಎಸಳು ಇಟ್ಟು ಕಳಿಸಿದ್ದರು. ಅವ್ವ ಅದನ್ನು ತೆಗೆದು ಬಾಗಿಲ ಸಂದಿಗೆ ಸಿಕ್ಕಿಸಿದಳು. ಅದೂ ಒಂದು ಕೊಡುಗೆಯೇ ಅನ್ನುವ ಹಾಗೆ.

ಇದಾಗಿ ಒಂಬತ್ತು ವರ್ಷಕ್ಕೆ, ಕಾಲೇಜಿನ ಲೈಬ್ರರಿಯಲ್ಲಿ, ಅಮೆರಿಕದ ಒಂದು ಹಳೆಯ ಕಾದಂಬರಿ ಕೈಗೆ ಬಂತು. ಲೂಯಿಸಾ ಮೇ ಆಲ್ಕಾಟ್ ಬರೆದ 'ಲಿಟ್ಲ್ ವಿಮೆನ್'. ಮೊದಲ ಭಾಗ ಬಂದದ್ದು 1868ರಲ್ಲಿ, ಎರಡನೆಯದು ಮರುವರ್ಷ. ನಾಲ್ಕು ಹೆಣ್ಣುಮಕ್ಕಳು: ಮೆಗ್, ಜೋ, ಬೆತ್, ಏಮಿ. ಅಪ್ಪ ಅಂತರ್ಯುದ್ಧದಲ್ಲಿ ಸೈನಿಕರ ಪಾದ್ರಿಯಾಗಿ ದೂರ ಹೋಗಿದ್ದಾನೆ. ಒಂದು ಕಾಲಕ್ಕೆ ಚೆನ್ನಾಗಿದ್ದ ಮನೆ, ಈಗ ಕೈ ಬಿಗಿ. ತಾಯಿಯನ್ನು ಮಕ್ಕಳು ಕರೆಯೋದು ಮಾರ್ಮಿ ಅಂತ.

ಕ್ರಿಸ್‌ಮಸ್ ದಿನದ ಬೆಳಗ್ಗೆ. ಮಕ್ಕಳು ನಿದ್ದೆಯಿಂದ ಎದ್ದು ತಿಂಡಿಗೆ ಕಾಯುತ್ತಾ ಕೂತಿದ್ದಾರೆ. ವರ್ಷಕ್ಕೊಮ್ಮೆ ಬರುವ ಹಬ್ಬದ ತಿಂಡಿ. ಅಷ್ಟು ಹೊತ್ತಿಗೆ ತಾಯಿ ಹೊರಗಿನಿಂದ ಬರುತ್ತಾಳೆ. ಹತ್ತಿರದಲ್ಲೇ ಒಂದು ಬಡ ಮನೆ, ಹಮ್ಮಲ್ ಅಂತ. ಜರ್ಮನಿಯಿಂದ ಬಂದವರು. ಆ ಹೆಂಗಸು ಈಗಷ್ಟೇ ಹೆತ್ತಿದ್ದಾಳೆ. ಒಲೆಯಲ್ಲಿ ಬೆಂಕಿ ಇಲ್ಲ, ಉಣ್ಣಲು ಏನೂ ಇಲ್ಲ. ಆರು ಮಕ್ಕಳು ಚಳಿಗೆ ಹೆಪ್ಪುಗಟ್ಟದಿರಲಿ ಅಂತ ಒಂದೇ ಹಾಸಿಗೆಯಲ್ಲಿ ಮುದುಡಿ ಮಲಗಿವೆ. ನಿಮ್ಮ ತಿಂಡಿಯನ್ನು ಅವರಿಗೆ ಹಬ್ಬದ ಉಡುಗೊರೆಯಾಗಿ ಕೊಡ್ತೀರಾ ಅಂತ ತಾಯಿ ಕೇಳುತ್ತಾಳೆ.

ಇಲ್ಲಿ ಸ್ವಲ್ಪ ನಿಲ್ಲೋಣ. ತಾಯಿ ತನ್ನದನ್ನು ಕೊಟ್ಟು ಬಂದಿದ್ದರೆ ಅದು ಧಾರಾವಾಹಿ ಆಗುತ್ತಿತ್ತು. ಇವಳು ಮಕ್ಕಳ ತಾಟಿಗೆ ಕೈ ಹಾಕುತ್ತಾಳೆ. ಆದರೆ ನಮ್ಮವ್ವನ ಹಾಗೆ ತೆಗೆದುಕೊಳ್ಳುವುದಿಲ್ಲ, ಕೇಳುತ್ತಾಳೆ. ಮಕ್ಕಳಿಗೆ ಹೊಟ್ಟೆ ಚುರುಗುಟ್ಟುತ್ತಿದೆ. ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಆ ಒಂದು ಗಳಿಗೆ ಲೇಖಕಿ ಬರೆದಿದ್ದಾಳಲ್ಲ, ಅದಕ್ಕೇ ನಾನು ಆ ಪುಸ್ತಕವನ್ನು ನಂಬಿದ್ದು. ಆಮೇಲೆ ಜೋ, ನಾವು ತಿನ್ನೋಕೆ ಶುರು ಮಾಡೋ ಮೊದಲೇ ನೀನು ಬಂದದ್ದು ಒಳ್ಳೇದಾಯ್ತು ಅನ್ನುತ್ತಾಳೆ. ಏಮಿಗೆ ಎಲ್ಲಕ್ಕಿಂತ ಇಷ್ಟ ಕೆನೆ ಮತ್ತು ಮಫಿನ್. ಅದನ್ನೇ ನಾನು ಹೊರುತ್ತೇನೆ ಅನ್ನುತ್ತಾಳೆ. ಹೊರಟರು. ಹೇಗೆ ಹೊರಟರು? ಹಿಂದಿನ ಬೀದಿಗಳಲ್ಲಿ, ಜಾಸ್ತಿ ಜನ ನೋಡದ ಹಾಗೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಬಿಟ್ಟೆ. 'ಓಣ್ಯಾಗ ಹಾಯಬ್ಯಾಡ.' ಅಕ್ಷರ ಬಾರದ ನಮ್ಮವ್ವ ಮತ್ತು ಈ ಮಾರ್ಮಿ ಎಲ್ಲಿ ಭೇಟಿಯಾದರು?

ಆ ಮನೆಯೊಳಗೆ ನಡೆಯುವುದನ್ನೂ ಗಮನಿಸಿ. ಮಾರ್ಮಿ ಬಾಣಂತಿಗೆ ಚಹಾ, ಗಂಜಿ ಕೊಡುತ್ತಾಳೆ, ಕೂಸಿಗೆ ತನ್ನದೇ ಕೂಸಿನ ಹಾಗೆ ಬಟ್ಟೆ ತೊಡಿಸುತ್ತಾಳೆ. ಹುಡುಗಿಯರು ಮಕ್ಕಳಿಗೆ ತಿನ್ನಿಸುತ್ತಾರೆ. ಎಲ್ಲರಿಗೂ ನೆನಪಿರೋದು ಇಷ್ಟೇ. ಅವರ ಮನೆಯ ಕೆಲಸದಾಕೆ ಹ್ಯಾನಾ ಕೂಡ ಬಂದಿದ್ದಾಳೆ ಅಂತ ಮರೆತುಬಿಡುತ್ತೇವೆ. ಕಟ್ಟಿಗೆ ಹೊತ್ತು ತಂದವಳು ಅವಳು. ಒಲೆ ಹೊತ್ತಿಸಿದವಳು ಅವಳು. ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ಹಳೆಯ ಟೋಪಿ ತುರುಕಿ, ಸಾಲದ್ದಕ್ಕೆ ತನ್ನ ಮೇಲುಹೊದಿಕೆಯನ್ನೇ ತುರುಕಿದವಳು ಅವಳು. ತಿಂಡಿ ಕೊಟ್ಟವರು ಮನೆಗೆ ಹೋಗಿ ಬ್ರೆಡ್ಡು ಹಾಲು ಕುಡಿದರು. ಹೊದಿಕೆ ಕೊಟ್ಟವಳು ಆ ಚಳಿಯಲ್ಲಿ ಹೆಂಗೆ ಮನೆಗೆ ಹೋದಳು? ಕಾದಂಬರಿ ಹೇಳುವುದಿಲ್ಲ.

ನಮ್ಮೂರಲ್ಲಿ ದಾಸೋಹ ಅಂದರೆ ಶರಣಬಸವೇಶ್ವರರು. ಹೊಲದಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರೂ ಇಟ್ಟರು ಅನ್ನುವ ಕಥೆ ಇಲ್ಲಿನ ಸಣ್ಣ ಹುಡುಗರಿಗೂ ಗೊತ್ತು. ಆ ದಾಸೋಹಕ್ಕೆ ಬೆಳಗಿನಿಂದ ರೊಟ್ಟಿ ಬಡಿದ ಕೈಗಳು ಯಾರವು? ಗುಡಿಯ ಮುಂದೆ ಹಾಯುವಾಗಲೆಲ್ಲ ನನಗೆ ಹ್ಯಾನಾ ನೆನಪಾಗುತ್ತಾಳೆ.

ಈಗ ಈ ಪುಸ್ತಕದ ಬಗ್ಗೆ ನನ್ನ ತಕರಾರು. ಅದೇ ದಿನ ಸಂಜೆ ಪಕ್ಕದ ಸಾಹುಕಾರ ಮುದುಕ ಈ ಮಕ್ಕಳಿಗೆ ಐಸ್‌ಕ್ರೀಂ, ಕೇಕು, ಹಣ್ಣು, ಹೂವು ಎಲ್ಲಾ ಕಳಿಸುತ್ತಾನೆ. ಬೆಳಗಿನ ತಿಂಡಿಯ ಸುದ್ದಿ ಅವನಿಗೆ ಮುಟ್ಟಿತ್ತು. ಇದು ನನಗೆ ಸೇರುವುದಿಲ್ಲ. ಬೆಳಗ್ಗೆ ಕೊಟ್ಟದ್ದಕ್ಕೆ ಸಂಜೆಗೆ ಬಡ್ಡಿ ಸಮೇತ ವಾಪಸ್! ಎಪ್ಪತ್ತೆರಡರಲ್ಲಿ ನಮಗೆ ಯಾವ ಸಾಹುಕಾರನೂ ಐಸ್‌ಕ್ರೀಂ ಕಳಿಸಲಿಲ್ಲ.

ಆದರೆ ಆಲ್ಕಾಟ್ ಅಷ್ಟಕ್ಕೇ ಬಿಡುವುದಿಲ್ಲ. ಮುಂದೆ ಅಪ್ಪನಿಗೆ ಕಾಯಿಲೆ ಅಂತ ತಂತಿ ಬಂದು ಮಾರ್ಮಿ ವಾಷಿಂಗ್ಟನ್ನಿಗೆ ಹೋಗುತ್ತಾಳೆ. ಹಮ್ಮಲ್ ಮನೆ ಕಡೆ ನೋಡಿಕೊಳ್ಳಿ ಅಂತ ಹೇಳಿ ಹೋಗಿದ್ದಾಳೆ. ಬೆತ್ ಮಾತ್ರ ದಿನಾ ಹೋಗುತ್ತಾಳೆ. ಕೂಸಿಗೆ ಹುಷಾರಿಲ್ಲ, ಯಾರಾದರೂ ಬನ್ನಿ ಅನ್ನುತ್ತಾಳೆ. ಮೆಗ್‌ಗೆ ಸುಸ್ತು, ಜೋಗೆ ನೆಗಡಿ. ಬೆತ್ ಒಬ್ಬಳೇ ಹೋಗುತ್ತಾಳೆ. ಹಮ್ಮಲ್ ಹೆಂಗಸು ಡಾಕ್ಟರನ್ನು ಕರೆಯಲು ಹೋಗಿದ್ದಾಗ ಕೂಸು ಬೆತ್‌ಳ ತೊಡೆಯ ಮೇಲೆ ಸಣ್ಣಗೆ ಒಮ್ಮೆ ಅತ್ತು, ನಡುಗಿ, ಸುಮ್ಮನಾಗುತ್ತದೆ. ಬೆತ್ ಅದರ ಕಾಲು ಬೆಚ್ಚಗೆ ಮಾಡಲು ನೋಡುತ್ತಾಳೆ. ಅದು ಸ್ಕಾರ್ಲೆಟ್ ಜ್ವರ. ಬೆತ್‌ಗೂ ಹತ್ತುತ್ತದೆ. ಆ ಸಲ ಬದುಕಿದರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ಎರಡನೇ ಭಾಗದಲ್ಲಿ ಹೋಗಿಬಿಡುತ್ತಾಳೆ. ಹೋಗಲ್ಲ ಅಂದ ಮೆಗ್, ಜೋ ಇಬ್ಬರಿಗೂ ಆ ಜ್ವರ ಮೊದಲೇ ಬಂದುಹೋಗಿತ್ತು. ಅವರಿಗೆ ಭಯ ಇರಲಿಲ್ಲ. ಹೋಗಬಹುದಿದ್ದವರು ಮನೆಯಲ್ಲಿ ಉಳಿದರು. ಹೋಗಬಾರದಿದ್ದವಳು ಹೋದಳು.

ತಾಟಿನ ಲೆಕ್ಕ ಇಲ್ಲಿ ಬಂದು ಮುಟ್ಟುತ್ತದೆ. ತಿಂಡಿಯಿಂದ ಶುರುವಾದದ್ದು ಮಗಳ ತನಕ ಬಂತು.

ಇದು ಬರೀ ಕಲ್ಪನೆಯಲ್ಲ. ಆಲ್ಕಾಟ್‌ಳ ತಾಯಿ ಅಬಿಗೈಲ್ ಹಾಗೆಯೇ ಇದ್ದಳು. ಗಂಡ ದೊಡ್ಡ ತತ್ವಜ್ಞಾನಿ, ದುಡಿಮೆ ಸೊನ್ನೆ. 1848ರ ಹೊತ್ತಿಗೆ ಅವಳು ಬಾಸ್ಟನ್ ನಗರದಲ್ಲಿ ಬಡವರ ಮನೆಮನೆಗೆ ಹೋಗಿ ನೆರವು ಮುಟ್ಟಿಸುವ ಕೆಲಸ ಹಿಡಿದಳು. ಆ ಸಂಬಳದಲ್ಲೇ ತನ್ನ ಸಂಸಾರ ಸಾಗಿಸಬೇಕು. ಅಂದರೆ ಬಡವರ ಕಷ್ಟ ನೋಡುವುದೇ ಅವಳ ಅನ್ನ. 1856ರಲ್ಲಿ ಅವಳು ಆರೈಕೆ ಮಾಡುತ್ತಿದ್ದ ಒಂದು ಬಡ ಸಂಸಾರದಿಂದ ಈ ಜ್ವರ ಅವಳ ಮನೆಗೆ ಬಂತು. ಮಗಳು ಎಲಿಜಬೆತ್ ಅದರಿಂದ ಸೋತು 1858ರಲ್ಲಿ ತೀರಿಕೊಂಡಳು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ನಿಜದಲ್ಲಿ ಜ್ವರದ ಮನೆಗೆ ಹೋಗಿ ಬರುತ್ತಿದ್ದವಳು ತಾಯಿ. ಕಾದಂಬರಿಯಲ್ಲಿ ಅಷ್ಟು ಹೊತ್ತಿಗೆ ಸರಿಯಾಗಿ ತಾಯಿಯನ್ನು ವಾಷಿಂಗ್ಟನ್ನಿಗೆ ಕಳಿಸಲಾಗಿದೆ. ಮಗಳು ಆಲ್ಕಾಟ್ ತನ್ನ ತಾಯಿಯ ಮೇಲಿನ ಮಾತನ್ನು ತೆಗೆದು ಅಕ್ಕಂದಿರ ಸೋಮಾರಿತನದ ಮೇಲೆ ಹಾಕಿದ್ದಾಳೆ ಅಂತ ನನಗೆ ಅನ್ನಿಸುತ್ತೆ. ಆ ಸೋಮಾರಿ ಅಕ್ಕಂದಿರಲ್ಲಿ ಒಬ್ಬಳಾದ ಜೋ ಯಾರು? ಲೇಖಕಿಯೇ. ತಾಯಿಯ ಪಾಲಿನ ತಪ್ಪನ್ನು ತಾನು ಹೊತ್ತಳು. ಇದು ನನ್ನ ಓದು, ನೀವು ಒಪ್ಪಬೇಕಂತಿಲ್ಲ.

ಮಾರ್ಮಿ ಬಗ್ಗೆ ಇನ್ನೊಂದೇ ಮಾತು. ಸಿಟ್ಟಿನ ಹುಡುಗಿ ಜೋಗೆ ಅವಳು ಒಂದು ಗುಟ್ಟು ಹೇಳುತ್ತಾಳೆ. ನನಗೆ ನನ್ನ ಬದುಕಿನ ಹೆಚ್ಚುಕಡಿಮೆ ಪ್ರತಿ ದಿನ ಸಿಟ್ಟು ಬರುತ್ತೆ, ತೋರಿಸದೇ ಇರೋದನ್ನ ಕಲಿತಿದ್ದೇನೆ ಅಷ್ಟೇ, ಅಂತ. ನಲವತ್ತು ವರ್ಷ ಹಿಡಿದಿಟ್ಟ ಸಿಟ್ಟು. ಈ ಸಾಲು ಓದಿದ ಮೇಲೆ ನಮ್ಮವ್ವನ ರೊಟ್ಟಿಯ ಸದ್ದು ನನಗೆ ಬೇರೆ ಥರ ಕೇಳಿಸಿತು. ನನ್ನ ಮೇಲಿನ ಸಿಟ್ಟು ಅಂದುಕೊಂಡಿದ್ದೆ. ಮಳೆಯ ಮೇಲೋ, ಗುಳೆ ಹೋದವನ ಮೇಲೋ, ಕೆಂಪು ಜೋಳದ ಮೇಲೋ, ಯಾರಿಗೆ ಗೊತ್ತು.

ಎರಡನೇ ತಾಯಿ ಮಾ ಜೋಡ್. ಜಾನ್ ಸ್ಟೈನ್‌ಬೆಕ್ 1939ರಲ್ಲಿ ಬರೆದ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯವಳು. ಈ ಕಥೆಗೆ ನಿಮಗೆ ಪೀಠಿಕೆ ಬೇಡ. ಓಕ್ಲಹೋಮದಲ್ಲಿ ಬರ, ಧೂಳಿನ ಗಾಳಿ, ಸಾಲ. ಹೊಲ ಹೋಯಿತು. ಹಳೆಯ ಗಾಡಿಯಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಕ್ಯಾಲಿಫೋರ್ನಿಯಾಗೆ ಗುಳೆ ಹೊರಡುತ್ತಾರೆ. ಅಲ್ಲಿ ಇವರನ್ನು 'ಓಕಿ' ಅಂತ ಹಂಗಿಸುತ್ತಾರೆ. ಯಾದಗಿರಿ ಸ್ಟೇಷನ್ನಿನಲ್ಲಿ ರಾತ್ರಿ ಗಾಡಿಗೆ ಗಂಟುಮೂಟೆ, ಕೂಸು, ಪಾತ್ರೆ ಹಿಡಿದು ಕೂತ ಜನರನ್ನು ನೋಡಿದವರಿಗೆ ಆ ಕಾದಂಬರಿ ಅರ್ಧ ಓದಿದ ಹಾಗೆಯೇ. ಬೆಂಗಳೂರಿನ ಕಟ್ಟಡದ ಪಕ್ಕದ ನೀಲಿ ತಾಡಪತ್ರಿ ಗುಡಿಸಲುಗಳಲ್ಲಿ ನಮ್ಮ ಕಡೆಯ ಮಾತೇ ಕೇಳುತ್ತೆ.

ಕ್ಯಾಲಿಫೋರ್ನಿಯಾದ ಮೊದಲ ಗುಡಿಸಲು ಕ್ಯಾಂಪು. ಮಾ ಜೋಡ್ ಒಲೆಯ ಮೇಲೆ ಮಾಂಸದ ಸಾರು ಇಟ್ಟಿದ್ದಾಳೆ. ವಾಸನೆಗೆ ಒಂದೊಂದೇ ಮಕ್ಕಳು ಬಂದು ಸುತ್ತ ನಿಲ್ಲುತ್ತವೆ. ಪರದೇಶಿ ಮಕ್ಕಳು. ಬೇಡುವುದಿಲ್ಲ, ಮಾತಾಡುವುದಿಲ್ಲ. ಸುಮ್ನೆ ನಿಂತು ಸೌಟು ಮೇಲೆ ಹೋದರೆ ಮೇಲೆ, ಕೆಳಗೆ ಬಂದರೆ ಕೆಳಗೆ ನೋಡುತ್ತವೆ. ತನ್ನ ಮನೆಯವರಿಗೇ ಸಾಲದಷ್ಟು ಸಾರು. ಅವಳಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ತಾಯಿಗೆ ಏನು ಮಾಡಬೇಕೋ ತಿಳಿಯಲಿಲ್ಲ ಅಂತ ಬರೆಯುವ ಧೈರ್ಯ ಎಷ್ಟು ಜನ ಬರಹಗಾರರಿಗಿದೆ ಹೇಳಿ! ಮನೆಯವರಿಗೆ ಬಡಿಸಿ, ತಾಟು ತಗೊಂಡು ಟೆಂಟಿನೊಳಗೆ ಹೋಗಿ ಉಣ್ಣಿ ಅನ್ನುತ್ತಾಳೆ. ಗಂಡನ ಅಣ್ಣ ಜಾನ್ ಒಪ್ಪುವುದಿಲ್ಲ. ಒಳಗೆ ಹೋದರೂ ಆ ಮಕ್ಕಳು ನನಗೆ ಕಾಣ್ತಾವೆ ಅನ್ನುತ್ತಾನೆ. ಕೊನೆಗೆ ಅವಳು ಪಾತ್ರೆ ಕೆಳಗಿಟ್ಟು, ಒಂದೊಂದು ಚಪ್ಪಟೆ ಕಡ್ಡಿ ತನ್ನಿ, ತಳದಲ್ಲಿ ಉಳಿದದ್ದು ನಿಮಗೆ ಅನ್ನುತ್ತಾಳೆ. ಅಲ್ಲಿಂದ ಓಡಿ ಟೆಂಟಿನೊಳಗೆ ಹೋಗುತ್ತಾಳೆ, ನೋಡಲಾಗದೆ. ಹೊರಗೆ ಪಾತ್ರೆ ಕೆರೆಯುವ ಸದ್ದು.

ಇಲ್ಲಿಗೇ ಮುಗಿಯಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಗುಡಿಸಲಿನ ಹೆಂಗಸು ಜಗಳಕ್ಕೆ ಬರುತ್ತಾಳೆ. ನನ್ನ ಮಗನಿಗೆ ಸಾರು ಕೊಟ್ಟವಳು ನೀನೇನಾ? ಮನೆಗೆ ಬಂದು ಸಾರು ಉಂಡೆ ಅಂತ ಜಂಬ ಕೊಚ್ಚುತ್ತಾನೆ, ನಮಗ್ಯಾಕೆ ಸಾರಿಲ್ಲ ಅಂತ ಕೇಳುತ್ತಾನೆ, ನಾನು ಏನಂತ ಹೇಳಲಿ? ಮಾ ಜೋಡ್ ಬಳಿ ಉತ್ತರ ಇಲ್ಲ. ಕೊಡುವ ತಾಯಿಯ ಕಥೆಗಳಲ್ಲಿ ಕೊಡಲಾಗದ ತಾಯಿಗೆ ಬಾಯಿ ಕೊಟ್ಟ ಜಾಗ ಇದು. ನಾನು ಓದಿದ್ದರಲ್ಲಿ ಇದಕ್ಕಿಂತ ಖಾರವಾದ ಜಾಗ ಇನ್ನೊಂದಿಲ್ಲ. ಗೋಡೆಯಾಚೆಯ ಆ ಮನೆಯವಳು ಬೇವಿನ ಎಸಳು ಇಟ್ಟಾಗ ಒಳಗೊಳಗೆ ಇದನ್ನೇ ಹೇಳಿದ್ದಳೇನೋ. ಆಗ ನನಗೆ ಎಂಟು ವರ್ಷ, ಕೇಳಿಸಲಿಲ್ಲ.

ಕನ್ನಡದವರನ್ನು ಬಿಟ್ಟೆ ಅಂತ ಹಿಂದೆ ಕೂತವರು ಪಿಸುಗುಡುತ್ತಿದ್ದೀರಿ. ಬಿಟ್ಟಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರದು. ಮಲೆನಾಡಿನ ಬಾಲವಿಧವೆ. ಹೆರಲೇ ಇಲ್ಲ. ಆದರೆ ಬೇರೆಯವರ ಹೆರಿಗೆಗೆ, ಬಾಣಂತನಕ್ಕೆ ಅವಳೇ ಬೇಕು. ಜಾತಿಯ ಗೆರೆ ದಾಟಿಯೂ ಹೋದವಳು. ತಾನು ಉಣ್ಣೋದು ದಿನಕ್ಕೆ ಒಂದೇ ಹೊತ್ತು. ಅವಳ ತಾಟಿನಿಂದ ತೆಗೆಯಲು ಏನೂ ಉಳಿದಿರಲಿಲ್ಲ, ಅದಕ್ಕೆ ಕೈಯನ್ನೇ ಕೊಟ್ಟಳು. ಅವಳ ಬಗ್ಗೆ ಬೇರೆ ದಿನ ಮಾತಾಡೋಣ, ಅವಳಿಗೆ ಅರ್ಧ ಗಂಟೆ ಸಾಲದು.

ನಮ್ಮವರೇ ಆದ ಗೀತಾ ನಾಗಭೂಷಣ ಅವರು. ಸಾವಳಗಿಯವರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 2020ರಲ್ಲಿ ಹೋದರು. ಅವರ ಪುಸ್ತಕ ತೆಗೆದರೆ ನಮ್ಮ ಕೇರಿಯ ಮಾತು ಮುಖಕ್ಕೆ ಹೊಡೆಯುತ್ತೆ. ಅಲ್ಲಿ ಬುಟ್ಟಿ ಹೊತ್ತು ಬರುವ ಮಾರ್ಮಿಯನ್ನು ನಾನು ಕಂಡಿಲ್ಲ. ಹಮ್ಮಲ್ ಮನೆಯ ಒಳಗಿನಿಂದಲೇ ಬರೆದ ಹಾಗಿರುತ್ತೆ. ಬಾಗಿಲು ತಟ್ಟಿದವರು ಯಾರು ಅನ್ನೋದಕ್ಕಿಂತ ಬಾಗಿಲ ಒಳಗೆ ಏನು ನಡೆಯುತ್ತಿತ್ತು ಅನ್ನೋದು ಅವರಿಗೆ ಮುಖ್ಯ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡು ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: 'ಮೇಡಂ, ಈ ಎಲ್ಲಾ ಕಥೆಗಳಲ್ಲಿ ಅಪ್ಪಂದಿರು ಎಲ್ಲಿರ್ತಾರೆ?' ಎಲ್ಲರೂ ನಕ್ಕರು. ಒಬ್ಬ ಯುದ್ಧದಲ್ಲಿ, ಒಬ್ಬ ಕೆಲಸ ಹುಡುಕುತ್ತಾ, ಒಬ್ಬ ಗುಳೆ ಅಂದೆ. ಇನ್ನೊಬ್ಬ ತತ್ವಶಾಸ್ತ್ರದಲ್ಲಿ.

ಒಬ್ಬ ಹಿರಿಯರು ಎದ್ದು ನನ್ನನ್ನು ಸರಿಯಾಗಿಯೇ ಹಿಡಿದರು. 'ನಿಮ್ಮ ಪ್ರಶ್ನೆ ಹೊಸದಲ್ಲಮ್ಮ. ಹನ್ನೆರಡನೇ ಶತಮಾನದಲ್ಲಿ ಇಲ್ಲೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದನ್ನೇ ಗಂಡನಿಗೆ ಕೇಳಿದ್ದಳು. ದಾಸೋಹಕ್ಕೆ ಅಂತಲೇ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದರೆ, ಇದು ನಮ್ಮ ಪಾಲಿನದಲ್ಲ, ತಗೊಂಡ ಕಡೆಗೇ ಸುರಿದು ಬಾ ಅಂದಳು. ನೀವು ಅಮೆರಿಕಕ್ಕೆ ಹೋಗಿ ಬರೋ ಬದಲು ಬಸವಕಲ್ಯಾಣದ ಬಸ್ಸು ಹತ್ತಿದ್ದರೆ ಸಾಕಿತ್ತು.' ಚಪ್ಪಾಳೆ ಅವರಿಗೇ ಬಿತ್ತು. ಬೀಳಬೇಕಾದ್ದೇ.

ಕೊನೆಗೆ ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹೆಣ್ಣುಮಗಳು ಕೈ ಎತ್ತಿದರು. ಶಾಲೆಯಲ್ಲಿ ಬಿಸಿಯೂಟ ಮಾಡುವವರಂತೆ, ಮಗಳನ್ನು ಕರೆದುಕೊಂಡು ಬಂದಿದ್ದರು. 'ಆ ಕೂಸು ಕಳಕೊಂಡ ಬಾಯಿ ಅದಾಳಲ್ರಿ, ಆಕಿ ಹೆಸರೇನ್ರಿ?'

'ಹಮ್ಮಲ್' ಅಂದೆ.

'ಅದು ಮನೆತನದ ಹೆಸರಲ್ರಿ? ಆಕಿ ಹೆಸರು?'

ನನಗೆ ನೆನಪಾಗಲಿಲ್ಲ. ನೋಡಿ ಹೇಳ್ತೀನಿ ಅಂದೆ. ರಾತ್ರಿ ಮನೆಗೆ ಬಂದು ಪುಸ್ತಕ ತೆಗೆದೆ. ಕೂಸು ನೋಡಿಕೊಳ್ಳುತ್ತಿದ್ದ ದೊಡ್ಡ ಹುಡುಗಿ ಲಾಟ್‌ಶೆನ್. ಗಂಟಲು ನೋವು ಬಂದಿದ್ದ ಇನ್ನಿಬ್ಬರು ಹೈನ್‌ರಿಖ್, ಮಿನ್ನಾ. ತೀರಿಕೊಂಡ ಕೂಸಿಗೆ ಹೆಸರಿಲ್ಲ. ಆ ತಾಯಿಗೂ ಇಲ್ಲ.